ಒಂದು ದಿನದ ರಜೆ, ಒಂದು ಪಾತ್ರೆ ಸೂಪು

ಪ್ರೇಮಕುಮಾರನಿಗೆ ಬೇಕಾಗಿದ್ದದ್ದು ನಿದ್ದೆ. ಸೂಪು ಸುಮ್ಮನೆ ಅದರ ಬೆನ್ನಿಗೆ ಬಂದದ್ದು.

ಸಿಂದಗಿಯ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಅವನನ್ನು ಬೇಸಿಗೆಯಿಂದಲೂ ಮನೆಮನೆ ಸಮೀಕ್ಷೆಗೆ ಹಚ್ಚಿದ್ದರು. ಬೆಳಿಗ್ಗೆ ಕನ್ನೊಳ್ಳಿ, ಮಧ್ಯಾಹ್ನ ಯಂಕಂಚಿ, ಸಂಜೆ ಕಚೇರಿಗೆ ಬಂದು ದಿನವಿಡೀ ಕೇಳಿದ್ದನ್ನೆಲ್ಲ ಕಂಪ್ಯೂಟರಿಗೆ ತುಂಬುವುದು. ಅಕ್ಟೋಬರ್ ಬಂದರೂ ಬಿಸಿಲು ಇಳಿದಿರಲಿಲ್ಲ, ಸಮೀಕ್ಷೆಯೂ ಮುಗಿದಿರಲಿಲ್ಲ. ನಿದ್ದೆ ಅವನನ್ನು ಸಿಕ್ಕಲ್ಲಿ ಹಿಡಿಯುತ್ತಿತ್ತು. ಒಮ್ಮೆ ಯಂಕಂಚಿಯಲ್ಲಿ ಮುದುಕನೊಬ್ಬನ ಕಟ್ಟೆಯ ಮೇಲೆ ಕೂತು, "ಮನ್ಯಾಗ ಎಷ್ಟ ಮಂದಿ ಅದೀರಿ?" ಎಂದು ಕೇಳಿದವನು ಉತ್ತರ ಬರುವುದರೊಳಗೆ ಗೊರಕೆ ಹೊಡೆದಿದ್ದ. ಮುದುಕ ಅವನನ್ನು ಎಬ್ಬಿಸದೆ, ತಲೆಯಡಿಗೆ ಕೌದಿ ಮಡಿಚಿಟ್ಟು ಹೊಲಕ್ಕೆ ಹೋಗಿದ್ದ.

ಕಡೆಗೊಮ್ಮೆ ಕಚೇರಿಯ ಅಧಿಕಾರಿ ವಿಜಯಲಕ್ಷ್ಮಿ ಮೇಡಮ್ ಒಂದು ದಿನದ ರಜೆ ಕೊಟ್ಟರು. ಹೆಂಡತಿ ಸಂಘಮಿತ್ರಾ ಶಾಲಾ ಶಿಕ್ಷಕಿ. ಅವಳು ತರಬೇತಿಗೆಂದು ಮುದ್ದೇಬಿಹಾಳಕ್ಕೆ ಹೋಗಿದ್ದವಳು ಅದೇ ಸಂಜೆ ವಾಪಸು ಬರುವವಳಿದ್ದಳು. ಹೋಗುವಾಗ ಒಂದೇ ಮಾತು ಹೇಳಿ ಹೋಗಿದ್ದಳು: "ಗ್ಯಾಸ್ ಮಾತ್ರ ಹಚ್ಚಬ್ಯಾಡ್ರಿ. ನಿಮಗ ನಿದ್ದಿ ಬರ್ತೈತಿ, ಮನಿ ಸುಡತೈತಿ." ಹಿಂದಿನ ತಿಂಗಳು ಅವನು ಬೇಳೆ ಬೇಯಲಿಟ್ಟು ಮಲಗಿ, ಪಾತ್ರೆಯೊಂದು ತಳ ಸುಟ್ಟು ಕಂಬಾರನ ಕುಲುಮೆಯಿಂದ ಎದ್ದು ಬಂದ ಹಾಗಾಗಿತ್ತು.

ಅದಕ್ಕೇ ಅವನಿಗೆ ಆ ಮಡಕೆ ನೆನಪಾದದ್ದು. ಪುಣೆಯಲ್ಲಿ ನರ್ಸಾಗಿರುವ ನಾದಿನಿ ಸೌಂದರ್ಯಾ ಹೋದ ಸಲ ಬಂದಾಗ ತಂದುಕೊಟ್ಟಿದ್ದ, ಕರೆಂಟಿನ ಮೇಲೆ ನಿಧಾನವಾಗಿ ಬೇಯಿಸುವ ಸ್ಲೋ ಕುಕ್ಕರ್. ನೋಡಲು ಕೋಳಿಮೊಟ್ಟೆಯನ್ನು ಅಡ್ಡ ಮಲಗಿಸಿದಂತಿತ್ತು. ಒಳಗೆ ಪಿಂಗಾಣಿ ಪಾತ್ರೆ, ಮೇಲೆ ಗಾಜಿನ ಮುಚ್ಚಳ, ಮುಂದೊಂದು ಗುಂಡಿ. "ಭಾವಾ, ಮುಂಜಾನೆ ಬಟಾಟಿ, ಉಳ್ಳಾಗಡ್ಡಿ, ಬಳ್ಳೊಳ್ಳಿ, ಬೆಣ್ಣಿ, ನೀರ ಹಾಕಿ ಗುಂಡಿ ತಿರುವ್ರಿ. ಆಮ್ಯಾಲ ಮರತಬಿಡ್ರಿ. ಸಂಜಿಕ ಎದ್ದು ಅರ್ಧ ಬಟಾಟಿ ಕಿವುಚಿ ಕೆನಿ ಹಾಕಿದ್ರ ಮುಗೀತು, ಬೆಣ್ಣಿಯಂಥಾ ಸೂಪ್. ಒಂದ ಮಾತು, ನಡುವ ಮುಚ್ಚಳ ತಗೀಬ್ಯಾಡ್ರಿ. ಒಂದ್ಸಲ ತಗದ್ರ ಒಳಗಿನ ಕಾವೆಲ್ಲ ಹೋಗಿ ಅರ್ಧ ತಾಸು ಹಿಂದ ಬೀಳತೈತಿ" ಎಂದು ಅವಳು ಹೇಳಿದ್ದಳು.

ಮಲಗಿದವನ ಪರವಾಗಿ ತಾನೇ ಎಚ್ಚರವಿದ್ದು ಅಡುಗೆ ಮಾಡುವ ಮಡಕೆ! ಪ್ರೇಮಕುಮಾರನಿಗೆ ಸೂಪಿನ ರುಚಿಗಿಂತ ಆ 'ಮರತಬಿಡ್ರಿ' ಎಂಬ ಮಾತೇ ಹೆಚ್ಚು ರುಚಿಸಿತ್ತು.

ಬೆಳಿಗ್ಗೆ ಎದ್ದವನೇ ಅರೆಗಣ್ಣಿನಲ್ಲಿ ಬಟಾಟೆ ಸುಲಿದ. ಸುಲಿದದ್ದನ್ನು ಬುಟ್ಟಿಗೂ ಸಿಪ್ಪೆಯನ್ನು ಮಡಕೆಗೂ ಹಾಕಿ, ಮತ್ತೆ ಅದಲುಬದಲು ಮಾಡಿದ. ಈರುಳ್ಳಿ, ಬೆಳ್ಳುಳ್ಳಿ, ಬೆಣ್ಣೆ ಸೇರಿಸಿ, ಉಪ್ಪು, ಕರಿಮೆಣಸು ಉದುರಿಸಿ, ಮುಳುಗುವಷ್ಟು ನೀರು ಹೊಯ್ದು, ಮುಚ್ಚಳ ಮುಚ್ಚಿ ಗುಂಡಿ ತಿರುವಿದ. ಕೆಂಪು ದೀಪ ಹತ್ತಿತು. ಹಾಸಿಗೆಯ ಮೇಲೆ ಬಿದ್ದುಕೊಂಡ. ಆಹಾ ಎನ್ನುವಷ್ಟರಲ್ಲಿ ಕೆನೆಯ ನೆನಪಾಯಿತು. ಸಂಜೆ ಎದ್ದು ಕೆನೆಗಾಗಿ ಓಡಾಡುವ ಬದಲು ಈಗಲೇ ಒಂದು ಮಾತು ಹೇಳಿಟ್ಟರಾಯಿತೆಂದು ಹಿತ್ತಲ ಗೋಡೆಯ ಮೇಲಿಂದ ಇಣುಕಿದ. ಆಚೆ ಮನೆಯ ಗುಂಡವ್ವ ಎಮ್ಮೆಗೆ ಹಿಂಡಿ ಕಲಸುತ್ತಿದ್ದಳು.

"ಅಮ್ಮಾ, ಸಂಜಿಕ ಒಂದೀಟು ಕೆನಿ ಕೊಡ್ತೀರೇನ್ರಿ?"

"ಕೊಡೂನಂತ. ಯಾಕ ಬೇಕಾಗಿತ್ತು?"

"ಸೂಪ್ ಮಾಡಾಕತ್ತೇನ್ರಿ."

ಗುಂಡವ್ವನ ಕೈ ಹಿಂಡಿಯಲ್ಲೇ ನಿಂತಿತು. "ಸೂಪಾ? ಯಾರಿಗೆ?"

"ನನಗರಿ."

"ಇವತ್ತ ಆಫೀಸಿಗೆ ಹೋಗಿಲ್ಲೇನು?"

"ರಜಾ ಹಾಕೇನ್ರಿ. ಭಾಳ ದಣಿವಾಗೈತಿ."

ಗುಂಡವ್ವ ಹಿಂಡಿಯ ಕೈ ಕೊಡವಿ ಎದ್ದಳು. ಅವಳ ಅನುಭವದಲ್ಲಿ ಸೂಪು ಕುಡಿದವರು ಒಬ್ಬರೇ, ಅವಳ ಗಂಡ. ಸೊಲ್ಲಾಪುರದ ದವಾಖಾನೆಯಲ್ಲಿ ಡಾಕ್ಟರು "ಇನ್ನ ಬರೇ ಸೂಪ್ ಕೊಡ್ರಿ" ಅಂದಿದ್ದರು. ಅದಾದ ಮೇಲೆ ಅವನಿಗೆ ಇನ್ನೇನನ್ನೂ ಕೊಡುವ ಪ್ರಸಂಗ ಬಂದಿರಲಿಲ್ಲ.

ಪ್ರೇಮಕುಮಾರ ಕಣ್ಣು ಮುಚ್ಚಿ ಇನ್ನೇನು ಜಾರಬೇಕು, ಹಣೆಯ ಮೇಲೆ ಹಿಂಡಿಯ ವಾಸನೆಯ ತಣ್ಣನೆ ಕೈಯೊಂದು ಕೂತಿತು. ಗುಂಡವ್ವ ಕೆನೆಯ ಬಟ್ಟಲು ಹಿಡಿದು ಒಳಗೇ ಬಂದಿದ್ದಳು.

"ಯಾವಾಗಿಂದ ಹಿಂಗ?"

"ಏನ್ ಹಿಂಗ್ರಿ? ನನಗೇನೂ ಆಗಿಲ್ಲ."

"ನಮ್ಮವರೂ ಹಂಗ ಅಂತಿದ್ರಪಾ" ಎಂದು ಗುಂಡವ್ವ ಸೆರಗಿನಿಂದ ಮೂಗೊರೆಸಿಕೊಂಡು ಅಡುಗೆಮನೆಗೆ ಹೋದಳು. ಗಾಜಿನ ಮುಚ್ಚಳ ಠಣ್ ಎಂದಿತು. "ಯವ್ವಾ, ಒಲಿ ಇಲ್ಲ, ಉರಿ ಇಲ್ಲ, ನೀರು ಜಳಕ ಮಾಡೂವಷ್ಟೂ ಕಾದಿಲ್ಲ. ಇದೆಲ್ಲಿ ಬೇಯತೈತೋ?"

"ಮುಚ್ಚಳ ತಗೀಬ್ಯಾಡ್ರೀ!" ಎಂದು ಪ್ರೇಮಕುಮಾರ ಎದ್ದು ಓಡಿದ. ಅಷ್ಟರಲ್ಲಿ ಅವಳು ಸಂಜೆ ಹಾಕಬೇಕಾದ ಕೆನೆಯನ್ನು ಆಗಲೇ ಸುರುವಿಯಾಗಿತ್ತು. ತಣ್ಣೀರಲ್ಲಿ ಕೆನೆಯ ಗಂಟುಗಳು ಹಳ್ಳಕ್ಕೆ ಬಿದ್ದ ಕರುಗಳಂತೆ ತೇಲುತ್ತಿದ್ದವು.

ಅವಳನ್ನು ಕಳಿಸಿ ಮತ್ತೆ ಮಲಗಿದ. ಈ ಸಲ ನಿದ್ದೆ ಹತ್ತಿತು. ಹತ್ತಿದ್ದೇ ತಡ, ಬಾಗಿಲು ಬಡಿದ ಸದ್ದಾಯಿತು. ಎದುರು ಮನೆಯ ಟೇಲರ್ ದಸ್ತಗೀರಸಾಬ ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡೇ ಬಂದಿದ್ದ.

"ಪ್ರೇಮಕುಮಾರಭಾಯಿ, ಗುಂಡವ್ವ ಹೇಳಿದ್ಲು. ಕಣ್ಣು ನೋಡ್ರಿ, ಕೆಂಡ ಆಗ್ಯಾವ!"

"ನೀವು ಎಬ್ಬಿಸಿದ್ದಕ್ಕ ಆಗ್ಯಾವ್ರಿ."

ದಸ್ತಗೀರಸಾಬ ಅವನನ್ನು ಮೇಲಿಂದ ಕೆಳಗೆ ನೋಡಿದ. ಆ ನೋಟಕ್ಕೆ ಬಟ್ಟೆ ಮೊದಲು ಕಾಣುತ್ತದೆ, ಮನುಷ್ಯ ಆಮೇಲೆ. ಸರಕ್ಕನೆ ಟೇಪು ತೆಗೆದು ಪ್ರೇಮಕುಮಾರನ ಸೊಂಟಕ್ಕೆ ಸುತ್ತಿದ. "ಬುದ್ಧ ಪೂರ್ಣಿಮಾಕ್ಕ ನಾನ ಪ್ಯಾಂಟ್ ಹೊಲದಿದ್ದೆ. ಆಗ ಮೂವತ್ತಾರಿತ್ತು. ಈಗ ಮೂವತ್ಮೂರು!" ಟೇಪಿನ ಮೇಲೆ ಹೆಬ್ಬೆರಳು ಒತ್ತಿ ಸಾಕ್ಷಿ ತೋರಿಸಿದ. "ಇಷ್ಟು ದೌಡ ಇಳಿಬಾರ್ದು ಭಾಯಿ. ದೊಡ್ಡ ಡಾಕ್ಟ್ರಿಗೆ ತೋರಸ್ರಿ."

"ಅರೇ ಸಾಬರ, ಊರೂರು ಅಡ್ಡಾಡಿ ಇಳದೈತ್ರಿ. ನಿದ್ದಿ ಆದ್ರ ಎಲ್ಲಾ ಸರಿಹೋಗತೈತಿ."

"ನಿದ್ದಿ ಇಲ್ಲೇನು?" ದಸ್ತಗೀರಸಾಬನ ಮುಖ ಇನ್ನಷ್ಟು ಇಳಿಯಿತು. ಸಮಾಧಾನಕ್ಕೆಂದು ಅಡುಗೆಮನೆಗೆ ಹೋಗಿ ಮುಚ್ಚಳ ತೆಗೆದು ನೋಡಿ, "ಇದೇನು, ಬಟಾಟಿ ಈಜಾಡಾಕತ್ತಾವ" ಎಂದ. ಅದೇ ಹೊತ್ತಿಗೆ ಕರೆಂಟು ಹೋಯಿತು. ಕೆಂಪು ದೀಪ ಆರಿತು. ತಾನು ಮುಟ್ಟಿದ್ದಕ್ಕೇ ಹೋಯಿತೆಂದು ಹೆದರಿದ ದಸ್ತಗೀರಸಾಬ ಸದ್ದಿಲ್ಲದೆ ಮುಚ್ಚಳ ಮುಚ್ಚಿ ಹೊರಟುಹೋದ.

ಆಮೇಲೆ ಫೋನು ಶುರುವಾಯಿತು. ಸುದ್ದಿ ಸಿಂದಗಿಯಿಂದ ಹೊರಡುವಾಗ ಬರೀ ದಣಿವಾಗಿತ್ತು. ಇಂಡಿ ಮುಟ್ಟುವ ಹೊತ್ತಿಗೆ ಕಾಮಾಲೆಯಾಗಿತ್ತು. ಬಸವನ ಬಾಗೇವಾಡಿಯ ಸೋದರಮಾವನ ಕಿವಿಗೆ ಬೀಳುವಷ್ಟರಲ್ಲಿ ಹೊಟ್ಟೆಯೊಳಗೆ ಏನೋ ಬೆಳೆದಿತ್ತು. ನಿಡಗುಂದಿಯ ಪರಿಚಯದವನೊಬ್ಬ ಫೋನು ಮಾಡಿ, ಪ್ರೇಮಕುಮಾರನ ದನಿ ಕೇಳಿ ಗಾಬರಿಯಾಗಿ, "ಯಾರು, ಅವರ ಅಣ್ಣ ಮಾತಾಡೂದೇನ್ರಿ? ಎಷ್ಟೊತ್ತಿಗೆ ಆತು?" ಎಂದು ಕೇಳಿದ.

ಪ್ರತಿಯೊಬ್ಬರಿಗೂ ಪ್ರೇಮಕುಮಾರ "ನನಗೇನೂ ಆಗಿಲ್ಲ" ಎಂದ. ಹೇಳಿ ಹೇಳಿ ದನಿ ಬಿದ್ದುಹೋಯಿತು. ಬಿದ್ದ ದನಿ ಕೇಳಿದವರಿಗೆ ಇದ್ದ ಅನುಮಾನವೂ ಹೋಯಿತು.

ಕಡೆಗೆ ಸಂಘಮಿತ್ರಾಳ ಫೋನು. "ಏನ್ರಿ ಇದು? ಇಲ್ಲಿ ತರಬೇತ್ಯಾಗ ಎಲ್ಲಾರೂ ನನ್ನ ಸುತ್ತ ನಿಂತು ಧೈರ್ಯಾ ಹೇಳಾಕತ್ತಾರ. ನಿಮಗ ಬರೇ ನೀರ ಇಳ್ಯಾಕತ್ತೈತಂತ?"

"ಸೂಪ್ ಇಟ್ಟೇನಿ ಅಷ್ಟ ಮಾರಾಯ್ತಿ."

"ನಿದ್ದಿ ಮಾಡಿದ್ರೇನು?"

"ಎಲ್ಲಿ ನಿದ್ದಿ?" ಎಂದ ಅವನು. ಇಷ್ಟು ದಿನದಲ್ಲಿ ಆ ಒಂದು ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

"ಬರ್ತೇನಿ, ಇರ್ರಿ" ಎಂದು ಅವಳು ಫೋನಿಟ್ಟಳು.

ಮಧ್ಯಾಹ್ನ ಕರೆಂಟು ಬಂತು, ಅದರ ಹಿಂದೆಯೇ ಇಂಡಿಯಿಂದ ಅಣ್ಣ ಧರ್ಮರಾಜ ಬಂದ. ಅವನದು ಲಿಂಬೆ ತೋಟ. ಹೆಗಲ ಮೇಲೆ ಒಂದು ಚೀಲ ಲಿಂಬೆಹಣ್ಣು. ಬಾಗಿಲಲ್ಲೇ ಚೀಲ ಚೆಲ್ಲಿ ತಮ್ಮನನ್ನು ತಬ್ಬಿಕೊಂಡು, "ನನಗ್ಯಾಕ ಹೇಳಲಿಲ್ಲೋ?" ಎಂದು ಬಿಕ್ಕಿದ. ಹಣ್ಣುಗಳು ಮನೆ ತುಂಬ ಉರುಳಿ ಮಂಚದ ಕೆಳಗೆ ಸೇರಿದವು. ಅವನ್ನು ಹೆಕ್ಕಲು ಪ್ರೇಮಕುಮಾರ ಮಂಚದಡಿ ತೂರಿದ. ಅಲ್ಲಿ ತಂಪಾಗಿತ್ತು, ಕತ್ತಲಿತ್ತು. ಎರಡು ಗಳಿಗೆ ಹಾಗೇ ಕೆನ್ನೆ ನೆಲಕ್ಕೆ ಹಚ್ಚಿದ.

"ಬಿದ್ದಾ! ಬಿದ್ದಾ!" ಎಂದು ಗುಂಡವ್ವ ಕೂಗಿದಳು. ನಾಲ್ಕು ಕೈಗಳು ಅವನ ಕಾಲು ಹಿಡಿದು ಹೊರಗೆಳೆದವು.

ಆಮೇಲೆ ಬಾಗೇವಾಡಿಯ ಸೋದರಮಾವ ಬಂದ, ಅವನ ಜೊತೆ ಅತ್ತೆ ಬಂದಳು, ಓಣಿಯವರು ಬಂದರು. ಬಂದವರಿಗೆ ಕೂರಲು ಜಾಗ ಬೇಕಲ್ಲ, ಮಂಚದ ಮೇಲೆಯೇ ಸಾಲಾಗಿ ಕೂತರು. ರೋಗಿಗೆ ಮಲಗಲು ಜಾಗ ಉಳಿಯಲಿಲ್ಲ. ಮನೆಯೊಡತಿ ಊರಲ್ಲಿಲ್ಲದ ಕಾರಣ ಚಹಾ ಮಾಡುವ ಕೆಲಸವೂ ರೋಗಿಗೇ ಬಿತ್ತು. ಅವನು ತಟ್ಟೆ ಹಿಡಿದು ಒಬ್ಬೊಬ್ಬರ ಮುಂದೆ ಬಾಗುತ್ತಿದ್ದರೆ ಅವರು ಕಪ್ಪು ಎತ್ತಿಕೊಂಡು, ಅವನ ತಲೆಯ ಮೇಲಿಂದಲೇ, "ಪಾಪ, ನಿಲ್ಲಾಕ ಸೈತ ತ್ರಾಣ ಇಲ್ಲ ನೋಡ್ರಿ. ಸಕ್ರಿ ಒಂಚೂರು ಕಡಿಮಿ ಆಗೈತಿ" ಎನ್ನುತ್ತಿದ್ದರು.

ಒಬ್ಬೊಬ್ಬರೂ ಅಡುಗೆಮನೆಗೆ ಹೋಗಿ ರೋಗಿಯ ಆಹಾರವನ್ನು ನೋಡಿ ಬರುವುದು ಮರ್ಯಾದೆಯಂತಾಯಿತು. ಪ್ರತಿ ಸಲವೂ ಠಣ್ ಎಂಬ ಸದ್ದು, ಪ್ರತಿ ಸಲವೂ ಪ್ರೇಮಕುಮಾರನ ಎದೆಯಲ್ಲಿ ಅರ್ಧ ತಾಸಿನ ಕಾವು ಆರಿದಂತೆ. ಬಟಾಟೆಗಳು ಬೆಳಿಗ್ಗೆ ಹೇಗಿದ್ದವೋ ಹಾಗೇ, ಹಳ್ಳದ ಗುಂಡುಕಲ್ಲಿನಷ್ಟು ಗಟ್ಟಿಯಾಗಿದ್ದವು. ಸೋದರಮಾವ ಗುಂಡಿಯನ್ನು ಕೊನೆಯವರೆಗೂ ತಿರುವಿದ. ಅತ್ತೆ ಬಾಯಿ ಕೆಟ್ಟಿರುತ್ತದೆಂದು ಕೆಂಪು ಖಾರವನ್ನೂ, ಶಕ್ತಿ ಬರಲೆಂದು ಒಂದು ಹಿಡಿ ಶೇಂಗಾ ಪುಡಿಯನ್ನೂ ಹಾಕಿದಳು. ಧರ್ಮರಾಜ ಪಿತ್ತಕ್ಕೆಂದು ಲಿಂಬೆಹಣ್ಣು ಹಿಂಡಲು ನಿಂತ. ಪ್ರೇಮಕುಮಾರ ಅವನ ಮಣಿಕಟ್ಟು ಹಿಡಿದು, "ಅಣ್ಣಾ, ನಿನ್ನ ಕಾಲಿಗೆ ಬೀಳ್ತೇನಿ, ಕೆನಿ ಒಡಿತೈತಿ" ಎಂದ.

ಧರ್ಮರಾಜ ಅಲ್ಲಿದ್ದವರಿಗೆಲ್ಲ ಕೇಳುವಂತೆ, "ಕಾಲಿಗೆ ಬೀಳ್ತೇನಿ ಅಂತಾನ್ರಿ, ನನ್ನ ತಮ್ಮ ಇಂಥಾ ಮಾತು ಯಾವತ್ತೂ ಆಡಿದಾಂವ ಅಲ್ಲ" ಎಂದು ಮತ್ತೆ ಕಣ್ಣೀರು ಹಾಕಿದ. ಹಾಕುತ್ತಲೇ ಎರಡು ಹಣ್ಣು ಹಿಂಡಿದ.

ಬಿಸಿಲು ಇಳಿಯುವ ಹೊತ್ತಿಗೆ ಸಂಘಮಿತ್ರಾ ಬಸ್ಸಿನಿಂದ ಇಳಿದು ಓಡಿ ಬಂದಳು. ಗಂಡ ಚಹಾದ ತಟ್ಟೆ ಹಿಡಿದು ನಿಂತದ್ದನ್ನು ನೋಡಿ, ಒಂದು ದೀರ್ಘ ಉಸಿರು ಬಿಟ್ಟು, ಅವನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದಳು.

"ಖರೇನ ಹೇಳ್ರಿ."

"ಖರೇನ ಏನೂ ಇಲ್ಲ. ಮಲಗಬೇಕಂತ ಮಾಡಿದ್ದೆ. ಅಷ್ಟ."

ಅವಳಿಗೆ ನಗು ಬಂತು, ಗಂಡನ ಕಣ್ಣು ನೋಡಿ ಅದು ಅರ್ಧಕ್ಕೇ ನಿಂತಿತು. "ಎಲ್ಲಾರನ್ನೂ ಈಗ ಕಳಸ್ತೇನಿ, ತಡೀರಿ" ಎಂದು ಸೆರಗು ಸಿಕ್ಕಿಸಿಕೊಂಡಳು. ಆಗ ಫೋನು ಬಂತು. ಕಚೇರಿಯ ಸಂಗಮೇಶ.

"ಪ್ರೇಮಕುಮಾರ, ಮೇಡಮ್ ನಿಮ್ಮ ಮನಿಗೆ ಹೊಂಟಾರ. ಖುದ್ದು ನೋಡತಾರಂತ. ಜೀಪ್ ಹೊಂಟೈತಿ."

ಪ್ರೇಮಕುಮಾರ ಬೆವೆತ. "ಇದ್ದದ್ದು ಇದ್ದಂಗ ಹೇಳಿಬಿಡ್ತೇನಿ" ಎಂದ.

ಸಂಘಮಿತ್ರಾ ಅವನ ತೋಳು ಹಿಡಿದಳು. "ಕೂಡೂ ಕೆಲಸ ಕೊಡ್ರಿ, ಊರೂರು ತಿರಗೂದು ಬ್ಯಾಡ ಅಂತ ಎಷ್ಟ ಸಲ ಕೇಳೀರಿ? ಬಾಯಿಲೆ ಕೇಳಿದ್ದಕ್ಕ ಸಿಕ್ತೇನು? ನೀವು ಸುಳ್ಳ ಹೇಳಬ್ಯಾಡ್ರಿ. ಖರೇನೂ ಹೇಳಬ್ಯಾಡ್ರಿ. ಸುಮ್ನ ಕಣ್ಣ ಮುಚ್ಚಿ ಬಿದ್ಕೋರಿ. ಉಳಿದದ್ದು ಈ ಮಂದಿನ ಹೇಳತೈತಿ."

ಅವನು ಒಂದು ಗಳಿಗೆ ಯೋಚಿಸಿದ. ಕುರ್ಚಿ. ಫ್ಯಾನಿನ ಕೆಳಗೆ, ಗೋಡೆಗೆ ಬೆನ್ನು ಕೊಟ್ಟು ಕೂರುವ ಕುರ್ಚಿ. ರಾತ್ರಿ ಹೊತ್ತಿಗೆ ಸರಿಯಾಗಿ ಮನೆ, ಊಟ, ನಿದ್ದೆ. ಅವನ ಪ್ರಾಮಾಣಿಕತೆಗೂ ಅಂದು ಎದ್ದು ನಿಲ್ಲುವ ತ್ರಾಣವಿರಲಿಲ್ಲ.

ಮೇಡಮ್ ಬರುತ್ತಾರೆಂದು ತಿಳಿದದ್ದೇ ಮಂಚ ಖಾಲಿಯಾಯಿತು. ಅವನನ್ನು ಮಲಗಿಸಿ ಕುತ್ತಿಗೆಯವರೆಗೂ ಚಾದರ ಹೊದಿಸಿದರು. ದಿನವಿಡೀ ಸಿಗದ ಹಾಸಿಗೆ ಸಿಕ್ಕಿತು, ಆದರೆ ನಿದ್ದೆ ಮಾಡುವಂತಿರಲಿಲ್ಲ; ನಿದ್ದೆ ಬಂದರೆ ಗೊರಕೆ ಬರುತ್ತದೆ, ಗೊರಕೆ ಆರೋಗ್ಯವಂತನದು. ಮಲಗಿದವನಂತೆ ಕಾಣುತ್ತ ಎಚ್ಚರವಿರುವುದು ಯಂಕಂಚಿಯ ಬಿಸಿಲಿಗಿಂತ ಕಷ್ಟವಾಗಿತ್ತು.

ವಿಜಯಲಕ್ಷ್ಮಿ ಮೇಡಮ್ ಬಂದರು. ಗಟ್ಟಿ ಹೆಂಗಸೆಂದು ಕಚೇರಿಯಲ್ಲಿ ಹೆಸರಾಗಿದ್ದವರು ಮಂಚದ ಪಕ್ಕ ಕೂತು ಮೆತ್ತಗಿನ ದನಿಯಲ್ಲಿ, "ಏನಾಗೇತ್ರಿ ಇವರಿಗೆ?" ಎಂದು ಕೇಳಿದರು.

ಸಂಘಮಿತ್ರಾ ತಲೆ ತಗ್ಗಿಸಿದಳು. ಅವಳು ಬಾಯಿ ತೆರೆಯುವ ಅಗತ್ಯವೇ ಬೀಳಲಿಲ್ಲ.

"ಮೂರ ಇಂಚ್ ಇಳದಾರ್ರಿ" ಎಂದು ದಸ್ತಗೀರಸಾಬ ಟೇಪು ತೋರಿಸಿದ.

"ಬಿಸಲಂತೂ ಒಟ್ಟ ಆಗೂದಿಲ್ರಿ ಬಾಯಾರ" ಎಂದಳು ಗುಂಡವ್ವ. "ಹೊರಗ ಹೋದ್ರ ಕಣ್ಣಿಗೆ ಕತ್ತಲಿ ಬರ್ತೈತ್ರಿ. ಈಗರ ಮಂಚದ ಬುಡಕ ಬಿದ್ದಿದ್ದ."

ಮೇಡಮ್ ಚ್ಚುಚ್ಚು ಎಂದರು. ಚಾದರದೊಳಗೆ ಪ್ರೇಮಕುಮಾರನ ಕಾಲ್ಬೆರಳುಗಳು ಸಂತೋಷದಿಂದ ಮಡಚಿಕೊಂಡವು. ಗುಂಡವ್ವನಿಗೆ ಮನಸ್ಸಿನಲ್ಲೇ ಕೈಮುಗಿದ.

"ನಡಿಯೂದು ಬ್ಯಾಡ, ಬಿಸಲು ಬ್ಯಾಡ. ಕೂಡಾಕ ಆಗತೈತೇನ್ರಿ ಇವರಿಗೆ?" ಎಂದು ಮೇಡಮ್ ಕೇಳಿದರು.

"ಕೂಡಾಕ ಏನೂ ತ್ರಾಸಿಲ್ರಿ!" ಎಂದು ಸಂಘಮಿತ್ರಾ ತಟ್ಟನೆ ಅಂದಳು.

ಗುಂಡವ್ವನಿಗೆ ಇಷ್ಟಕ್ಕೆ ತೃಪ್ತಿಯಾಗಲಿಲ್ಲ. ಕೈಲಾದ ಉಪಕಾರವನ್ನು ಪೂರ್ತಿ ಮಾಡಬೇಕಲ್ಲ. "ಇನ್ನೊಂದ ಐತ್ರಿ. ರಾತ್ರಿ ನಿದ್ದೀನ ಇಲ್ರಿ ಪಾಪ. ನಾ ಎಮ್ಮಿ ನೋಡಾಕ ಎದ್ದಾಗೆಲ್ಲ ಇವರ ದೀಪ ಹತ್ತಿರತೈತಿ. ಬೆಳತನಕ ಕಣ್ಣ ತಕ್ಕೊಂಡ ಕುಂತಿರ್ತಾನ್ರಿ."

"ಹೌದೇನ್ರಿ?" ಎಂದು ಮೇಡಮ್ ದಸ್ತಗೀರಸಾಬನ ಕಡೆ ನೋಡಿದರು.

"ನನಗೂ ಮುಂಜಾನೆ ಅವರ ಬಾಯಿಲೇನ ಹೇಳ್ಯಾರ್ರಿ, ನಿದ್ದಿ ಇಲ್ಲಂತ."

ಮೇಡಮ್ ಬೆರಳು ಮಡಿಚಿ ಏನೋ ಲೆಕ್ಕ ಹಾಕತೊಡಗಿದರು. ಅಷ್ಟರಲ್ಲಿ ಅಡುಗೆಮನೆಯಿಂದ ಘಮ ಬಂತು. ಸೋದರಮಾವ ತಿರುವಿದ ಗುಂಡಿ ಕಡೆಗೂ ಕೆಲಸ ಮಾಡಿತ್ತು. ಮೇಡಮ್ ಬಂದ ಗಡಿಬಿಡಿಯಲ್ಲಿ ಮುಚ್ಚಳ ತೆಗೆಯುವುದನ್ನು ಎಲ್ಲರೂ ಮರೆತಿದ್ದರು. ಮನೆಗೆ ಬಂದ ಅಧಿಕಾರಿಯನ್ನು ಬರಿಗೈಯಲ್ಲಿ ಕಳಿಸುವುದುಂಟೆ? ಅತ್ತೆ ಬಟಾಟೆ ಕಿವುಚಿ ಒಂದು ಬಟ್ಟಲು ಸೂಪು ತಂದಿಟ್ಟಳು. ಕೆನೆ, ಬೆಣ್ಣೆ, ಶೇಂಗಾ, ಖಾರ, ಲಿಂಬೆ ಎಲ್ಲ ಸೇರಿ ಅದು ಸೌಂದರ್ಯಾ ಹೇಳಿದ ಬಿಳಿ ಸೂಪಾಗಿ ಉಳಿದಿರಲಿಲ್ಲ. ಸೂರ್ಯ ಮುಳುಗುವ ಹೊತ್ತಿನ ಬಾನಿನ ಬಣ್ಣವಾಗಿತ್ತು. ಮೇಡಮ್ ಒಂದು ಚಮಚ ಕುಡಿದರು. ಹುಬ್ಬು ಮೇಲೇರಿತು. ಮಾತಾಡದೆ ಬಟ್ಟಲು ಖಾಲಿ ಮಾಡಿ, "ಇನ್ನೊಂದೀಟು ಐತೇನ್ರಿ?" ಎಂದರು.

ಬೆಳಗಿನಿಂದ ಬರೀ ಚಹಾದ ವಾಸನೆ ಕುಡಿದ ಪ್ರೇಮಕುಮಾರನ ಹೊಟ್ಟೆ ಚಾದರದೊಳಗೆ ಗುಡುಗಿತು.

ಎರಡನೆಯ ಬಟ್ಟಲು ಕೈಗೆ ಬಂದ ಮೇಲೆ ಮೇಡಮ್ ತೀರ್ಮಾನ ಹೇಳಿದರು. "ನೋಡ್ರಿ ಪ್ರೇಮಕುಮಾರ, ನನಗೂ ಮನಸ್ಸೈತಿ. ನಿಮ್ಮನ್ನ ಇನ್ನ ಸರ್ವೇಕ್ಕ ಕಳಸೂದಿಲ್ಲ. ಆ ಕೆಲಸ ಸಂಗಮೇಶ ಮಾಡ್ತಾರ. ನಿಮಗ ಕೂಡೂ ಕೆಲಸ ಕೊಡ್ತೇನಿ."

ಮನೆಯೊಳಗೆ ಸಂತೋಷದ ಗದ್ದಲವೆದ್ದಿತು. ಧರ್ಮರಾಜ ಕೈಮುಗಿದ. ಸಂಘಮಿತ್ರಾ ಚಾದರದ ಮೇಲಿಂದಲೇ ಗಂಡನ ಕಾಲು ಒತ್ತಿದಳು. ಪ್ರೇಮಕುಮಾರ ರೋಗಿಗೆ ಒಪ್ಪುವಷ್ಟು ನಿಧಾನವಾಗಿ ಕಣ್ಣು ತೆರೆದು, "ಭಾಳ ಉಪಕಾರ ಆತ್ರಿ ಮೇಡಮ್" ಎಂದ.

"ಭೀಮಾ ನದಿಗೆ ಮ್ಯಾಲಿಂದ ನೀರ ಬಿಡಾಕತ್ತಾರ. ನದಿ ದಂಡಿ ಊರಿನವ್ರು ಯಾವಾಗ ಬೇಕಾದಾಗ ಫೋನ್ ಮಾಡ್ತಾರ. ಕಂಟ್ರೋಲ್ ರೂಮಿನ್ಯಾಗ ಹಗಲಿಗೆ ಮಂದಿ ಅದಾರ. ರಾತ್ರಿ ಪಾಳಿಗೆ ಯಾರೂ ಒಪ್ಪವಲ್ರು, ಎಲ್ಲಾರಿಗೂ ನಿದ್ದಿ ಬರ್ತೈತಂತ." ಮೇಡಮ್ ಚಮಚ ಎತ್ತಿ ಗುಂಡವ್ವನ ಕಡೆ ಮೆಚ್ಚುಗೆಯಿಂದ ನೋಡಿದರು. "ನಿಮಗ ಬಿಸಲು ಆಗೂದಿಲ್ಲ, ರಾತ್ರಿ ಹೆಂಗೂ ಎಚ್ಚರನ ಇರ್ತೀರಿ. ತಂಪ ಹೊತ್ತು, ಕುರ್ಚಿ ಐತಿ, ಫ್ಯಾನ್ ಐತಿ. ಮಳಿಗಾಲದ ನೀರು ಪೂರಾ ಇಳಿಯೂತನಕ ನಿಮ್ಮನ್ನ ಅಲ್ಲಿಂದ ಯಾರೂ ಎಬ್ಬಿಸೂದಿಲ್ಲ."

ಪ್ರೇಮಕುಮಾರ ಚಾದರ ಒದ್ದು ಎದ್ದು ಕೂತ. "ಮೇಡಮ್, ನಾ ಚಲೋ ಅದೀನ್ರಿ! ನನಗ ನಿದ್ದಿ ಬರ್ತೈತ್ರಿ! ನಿಂತಲ್ಲೆ ಬರ್ತೈತ್ರಿ! ಬೇಕಾದ್ರ ಇಲ್ಲೇ ಮಾಡಿ ತೋರಸ್ತೇನಿ!"

"ನೋಡ್ರಿ, ಕೆಲಸ ಅಂದಕೂಡ್ಲೆ ಹೆಂಗ ಎದ್ದು ಕುಂತ್ರು" ಎಂದು ಮೇಡಮ್ ಮೆಚ್ಚಿ ತಲೆದೂಗಿದರು. "ಇಂಥಾವ್ರು ಬೇಕು. ಇವತ್ತ ರಾತ್ರಿಗೂ ಯಾರಿಲ್ಲ. ನನ್ನ ಜೀಪಿನ್ಯಾಗ ಹೋಗಿಬಿಡ್ರಿ, ನಡಕೊಂಡು ಹೋಗಬ್ಯಾಡ್ರಿ. ನಾ ಇದಿಷ್ಟು ಮುಗಿಸಿ, ಆಟೋ ಹಿಡದು ಬರ್ತೇನಿ."

ಸಂಘಮಿತ್ರಾಳಿಗೂ ತಡೆಯುವ ದಾರಿಯಿರಲಿಲ್ಲ. ಈಗ ನಿಜ ಹೇಳಿದರೆ ಇಷ್ಟು ಹೊತ್ತು ಮಲಗಿದ್ದು ಯಾಕೆಂದು ಹೇಳಬೇಕಾಗುತ್ತದೆ. ಒಳಗೆ ಹೋಗಿ ಗಂಡನಿಗೆಂದು ಸ್ವಲ್ಪ ಸೂಪು ಡಬ್ಬಿಗೆ ಹಾಕಲು ನೋಡಿದರೆ, ಅತ್ತೆ ಮಡಕೆಯನ್ನು ಓರೆ ಮಾಡಿ ಉಳಿದದ್ದನ್ನು ಮೇಡಮ್ ಅವರ ಮೂರನೆಯ ಬಟ್ಟಲಿಗೆ ಕೆರೆದು ಹಾಕುತ್ತಿದ್ದಳು.

ಓಣಿಯವರೆಲ್ಲ ಜೀಪಿನವರೆಗೆ ಬಂದು ಬೀಳ್ಕೊಟ್ಟರು. ಧರ್ಮರಾಜ ಜೇಬಿಗೆ ನಾಲ್ಕು ಲಿಂಬೆಹಣ್ಣು ತುರುಕಿದ. ಗುಂಡವ್ವ ಕಿಟಕಿಯ ಹತ್ತಿರ ಬಂದು, "ನಾ ಬಾಯಿಬಿಟ್ಟು ಹೇಳಿದ್ದಕ್ಕ ಆತು ನೋಡಪಾ. ನೀ ಅಂತೂ ಏನೂ ಹೇಳಾಂವಲ್ಲ" ಎಂದಳು. ಪ್ರೇಮಕುಮಾರ ಅವಳಿಗೆ ಕೈಮುಗಿದ. ಬೇರೇನು ಮಾಡುವುದೆಂದು ಅವನಿಗೆ ಹೊಳೆಯಲಿಲ್ಲ.

ಜೀಪು ಓಣಿಯ ತಿರುವು ದಾಟಿತು. ಹಿಂದಿನ ಸೀಟು ಮೆತ್ತಗಿತ್ತು. ಕಿಟಕಿಯಿಂದ ಸಂಜೆಯ ಗಾಳಿ ಬರುತ್ತಿತ್ತು. ಯಾರೂ ಹಣೆ ಮುಟ್ಟುತ್ತಿರಲಿಲ್ಲ, ಯಾರೂ ಏನೂ ಕೇಳುತ್ತಿರಲಿಲ್ಲ.

"ಇನ್ನೆಷ್ಟ ದೂರ ಐತಪಾ?" ಎಂದು ಅವನು ಚಾಲಕನನ್ನು ಕೇಳಿದ.

"ಇಲ್ಲೇ ರೀ ಸರ. ಐದ ಮಿನಿಟ್ನ್ಯಾಗ ಮುಟ್ಟಸ್ತೇನಿ."

"ಅವಸರೇನಿಲ್ಲ" ಎಂದು ಪ್ರೇಮಕುಮಾರ ತಲೆಯನ್ನು ಹಿಂದಕ್ಕೆ ಆನಿಸಿ ಕಣ್ಣು ಮುಚ್ಚಿದ. "ಒಂದೀಟು ಸುತ್ತ ಹಾಕ್ಕೊಂಡು ಹೋಗು."